ಬಿಸಿ ಅನಿಲದ ಉಷ್ಣತೆ: ಮಾಪಕದ ಅಂಕಿಯನ್ನು ಎಷ್ಟು ನಂಬಬಹುದು?

ಬಾಯ್ಲರ್, ಎರಕದ ಕುಲುಮೆ, ಹೆಂಚಿನ ಗೂಡುಗಳನ್ನು ನಡೆಸುವ ಉದ್ದಿಮೆಗಳಲ್ಲಿ ಇಂಧನವು ಖರ್ಚಿನ ದೊಡ್ಡ ಬಾಬು. ಈ ಖರ್ಚನ್ನು ಹತೋಟಿಯಲ್ಲಿಡಲು ಬಿಸಿ ಅನಿಲದ ಉಷ್ಣತೆಯನ್ನು ಸರಿಯಾಗಿ ಅಳೆಯುವುದು ಅವಶ್ಯಕ.

ಇದಕ್ಕೆ ಸಾಮಾನ್ಯವಾಗಿ ಬಳಸುವ ಸಾಧನ ಥರ್ಮೋಕಪಲ್. ಎರಡು ಭಿನ್ನ ಲೋಹಗಳ ತಂತಿಗಳನ್ನು ಒಂದು ತುದಿಯಲ್ಲಿ ಬೆಸೆದು ಕಾಯಿಸಿದಾಗ, ಬಿಸಿ ತುದಿ ಮತ್ತು ತಣ್ಣನೆಯ ತುದಿಗಳ ಉಷ್ಣತೆಯ ವ್ಯತ್ಯಾಸಕ್ಕನುಗುಣವಾಗಿ ಅಲ್ಪ ವೋಲ್ಟೇಜ್ ಉಂಟಾಗುತ್ತದೆ. ಇದು 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡುಕೊಂಡ ತತ್ತ್ವ. ನಿಕ್ಕಲ್ ಮಿಶ್ರಲೋಹದ ‘ಕೆ’ ಮಾದರಿಯಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್ ದೊರೆಯುತ್ತದೆ. ಅದು ಸುಮಾರು 1200 ಡಿಗ್ರಿಯವರೆಗೆ ಉಪಯುಕ್ತ. ಅದಕ್ಕೂ ಮೇಲಿನ ಉಷ್ಣತೆಗೆ ಪ್ಲಾಟಿನಮ್-ರೋಡಿಯಮ್ ತಂತಿಯ ದುಬಾರಿ ಮಾದರಿಗಳು ಬೇಕಾಗುತ್ತವೆ.

ಆದರೆ ಮಾಪಕವು ತೋರಿಸುವುದು ತನ್ನ ತುದಿಯ ಉಷ್ಣತೆಯನ್ನೇ ಹೊರತು ಅನಿಲದ ಉಷ್ಣತೆಯನ್ನಲ್ಲ. ಅನಿಲದಿಂದ ಶಾಖ ಪಡೆಯುವ ತುದಿಯು, ಸುತ್ತಲಿನ ಕಡಿಮೆ ಬಿಸಿಯ ಗೋಡೆ ಹಾಗೂ ನೀರಿನ ಕೊಳವೆಗಳತ್ತ ವಿಕಿರಣದ ಮೂಲಕ ಶಾಖವನ್ನು ಕಳೆದುಕೊಳ್ಳುತ್ತಲೂ ಇರುತ್ತದೆ. 1000 ಡಿಗ್ರಿ ಮೀರಿದ ಅನಿಲದಲ್ಲಿ ಕವಚವಿಲ್ಲದ ಮಾಪಕವು ನಿಜಕ್ಕಿಂತ ನೂರು ಡಿಗ್ರಿಯಷ್ಟು ಕೆಳಗೆ ತೋರಿಸುವುದೂ ಉಂಟು. ತುದಿಗೆ ಕವಚ ತೊಡಿಸಿ, ಅದರ ಮೇಲೆ ಅನಿಲವನ್ನು ವೇಗವಾಗಿ ಹೀರಿಸುವ ಸಕ್ಷನ್ ಪೈರೋಮೀಟರ್ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಅದನ್ನು ಕಾಯಂ ಆಗಿ ಅಳವಡಿಸಲಾಗದಿದ್ದರೂ, ಆಗಾಗ ತರಿಸಿ ಪರೀಕ್ಷಿಸಿ ವ್ಯತ್ಯಾಸವನ್ನು ದಾಖಲಿಸಿಕೊಳ್ಳಬಹುದು.

ಚಿಮಣಿಗೆ ಹೋಗುವ ಅನಿಲದಲ್ಲಿ ತಪ್ಪಿನ ಕಾರಣಗಳು ಬೇರೆ. ಮಾಪಕವನ್ನು ಗೋಡೆಯ ಅಂಚಿನಲ್ಲಿ ಕೂರಿಸುವುದು, ಬಿರುಕುಗಳಿಂದ ಹೊರಗಿನ ಗಾಳಿ ಒಳಸೇರುವುದು, ಕಾಂಪೆನ್ಸೇಟಿಂಗ್ ಕೇಬಲ್ ಬದಲು ಸಾಮಾನ್ಯ ತಾಮ್ರದ ತಂತಿ ಎಳೆಯುವುದು, ಇವೆಲ್ಲವೂ ಅಂಕಿಯನ್ನು ತಗ್ಗಿಸುತ್ತವೆ.

ಬಾಯ್ಲರ್ ಚಿಮಣಿಯ ಅನಿಲ 22 ಡಿಗ್ರಿ ಹೆಚ್ಚು ಬಿಸಿಯಾದರೆ ದಕ್ಷತೆ ಸುಮಾರು ಶೇ. 1ರಷ್ಟು ಕುಗ್ಗುತ್ತದೆಂಬುದು ರೂಢಿಯ ಲೆಕ್ಕ. ವರ್ಷಕ್ಕೆ 40 ಲಕ್ಷ ರೂ. ಇಂಧನ ಉರಿಸುವ ಘಟಕವೊಂದರಲ್ಲಿ ಮಾಪಕವು 44 ಡಿಗ್ರಿ ಕಡಿಮೆ ತೋರಿಸಿದರೆ, ಕನಿಷ್ಠ 80,000 ರೂ.ಗಳಷ್ಟು ನಷ್ಟವು ಯಾವ ಖಾತೆಯಲ್ಲಿಯೂ ಕಾಣಿಸದೆ ಹೊಗೆಯೊಡನೆ ಹೊರಹೋಗುತ್ತದೆ.

ಆದ್ದರಿಂದ ಖರೀದಿ ಆದೇಶದಲ್ಲಿ ಮಾಪಕದ ಮಾದರಿ, ಉಷ್ಣತೆಯ ಮಿತಿ ಹಾಗೂ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಕ್ಯಾಲಿಬ್ರೇಶನ್ ಪ್ರಮಾಣಪತ್ರವನ್ನು ಸ್ಪಷ್ಟವಾಗಿ ನಮೂದಿಸುವುದು ಒಳಿತು. ಆದರೂ ಪ್ರಮಾಣಪತ್ರವು ಮಾಪಕಕ್ಕೆ ಸಾಕ್ಷಿಯೇ ಹೊರತು, ಅದನ್ನು ಕೂರಿಸಿದ ಜಾಗಕ್ಕಲ್ಲ. ದಾಸ್ತಾನು ಪುಸ್ತಕವನ್ನು ಗೋದಾಮಿನೊಡನೆ ತಾಳೆ ನೋಡುವಂತೆ, ಮಾಪಕದ ಅಂಕಿಯನ್ನೂ ಸ್ಥಳದಲ್ಲಿಯೇ ತಾಳೆ ನೋಡಬೇಕು.