ಹಡಗಿಳಿದು ಬಂದ ವೀಣೆ

ಅಮೆರಿಕದಲ್ಲಿರುವ ನಮ್ಮ ಸೋದರತ್ತೆಗೆ ಬೆರಳ ಗಂಟುಗಳಲ್ಲಿ ನೋವು. ಇನ್ನು ನುಡಿಸಲಾಗದೆಂದು ತಮ್ಮ ಮೈಸೂರು ವೀಣೆ, ತಂಬೂರಿ ಎರಡನ್ನೂ ಅಣ್ಣನ ಮೊಮ್ಮಗಳಿಗೆ, ಅಂದರೆ ನನ್ನ ಮಗಳು ಪುಟ್ಟಿಗೆ, ಹಡಗಿನಲ್ಲಿ ಕಳಿಸಿದರು. ಚೆನ್ನೈ ಬಂದರಿನಲ್ಲಿ ಇಳಿದ ಕಂಟೇನರು ರೈಲೇರಿ ಬೆಂಗಳೂರಿನ ವೈಟ್‌ಫೀಲ್ಡ್ ಡಿಪೋಗೆ ಬಂತು. ಬುತ್ತಿ ಕಟ್ಟಿಕೊಂಡು, ಬಾಡಿಗೆ ವ್ಯಾನಿನಲ್ಲಿ, ಮೈಸೂರಿನಿಂದ ಎಲ್ಲರೂ ಹೊರಟೆವು.

ಮಂಡ್ಯ ದಾಟುವವರೆಗೂ ತಾತ ಮಾತಾಡಲಿಲ್ಲ. “ಮೇಣದ್ದೇ ಚಿಂತೆ ಪುಟ್ಟಿ” ಎಂದರು ಕೊನೆಗೆ.

ವೀಣೆಯ 24 ಮೆಟ್ಟಿಲುಗಳು ಗಿಟಾರಿನವುಗಳಂತೆ ಮರಕ್ಕೇ ನಾಟಿಕೊಂಡಿರುವುದಿಲ್ಲ. ಜೇನುಮೇಣಕ್ಕೆ ಇದ್ದಿಲಪುಡಿ ಬೆರೆಸಿ ಮಾಡಿದ ಕಪ್ಪು ದಿಂಡಿನ ಮೇಲೆ ಕೂತಿರುತ್ತವೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಬಿಸಿಲಿಗೆ ಕಾದ ಕಬ್ಬಿಣದ ಕಂಟೇನರಿನೊಳಗೆ ಮೇಣ ಮೆತ್ತಗಾಗದೆ ಇರುತ್ತದೆಯೇ?

ಡಿಪೋದಲ್ಲಿ ಸುಂಕದ ಕಾಗದ, ಸಹಿ, ಮತ್ತೆ ಕಾಗದ. ಪೆಟ್ಟಿಗೆ ಕೈಗೆ ಬರುವ ಹೊತ್ತಿಗೆ ಪುಳಿಯೋಗರೆ ಮುಗಿದೇ ಹೋಗಿತ್ತು.

ಮನೆಗೆ ಬಂದರೂ ಆ ರಾತ್ರಿ ತಾತ ಪೆಟ್ಟಿಗೆ ತೆರೆಯಗೊಡಲಿಲ್ಲ. ಹವೆ ಬದಲಾದಾಗ ಮರಕ್ಕೂ ಹೊಂದಿಕೊಳ್ಳಲು ಹೊತ್ತು ಬೇಕು. ಪುಟ್ಟಿ ಪೆಟ್ಟಿಗೆಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡಳು.

ಮರುದಿನ ಮುಚ್ಚಳ ತೆಗೆದರೆ, ಮೇಲುಸ್ಥಾಯಿಯ ಮೂರು ಮೆಟ್ಟಿಲುಗಳು ವಾಲಿದ್ದವು. ಕೊಡ, ಬುರುಡೆ, ಯಾಳಿಯ ಮುಖ ಎಲ್ಲ ಸುರಕ್ಷಿತ. ಕಳಿಸುವಾಗ ಅತ್ತೆಯೇ ತಂತಿಗಳನ್ನು ಸಡಿಲಿಸಿದ್ದರು. “ಅಣ್ಣಾ, ಒಮ್ಮೆಗೇ ಬಿಗಿಯಬೇಡ” ಎಂದು ಫೋನಿನಲ್ಲಿ ಮೂರು ಸಲ ಹೇಳಿದರು. ಆಮೇಲೆ ಸುಮ್ಮನೆ ನೋಡುತ್ತ ಕೂತರು.

ಮೇಣ ಹಾಕುವವರು ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ಪುಟ್ಟಿಗೆ ತಂಬೂರಿ. ಅದಕ್ಕೆ ಮೆಟ್ಟಿಲೇ ಇಲ್ಲವಲ್ಲ!