ಸೊಂಟದ ಬೆಲ್ಟು, ಉಸ್ತಾದರ ಕಣ್ಣು

ಮಲ್ಲವಿದ್ಯೆಯಲ್ಲಿ ಒಬ್ಬನು ಎಷ್ಟು ಕಲಿತಿದ್ದಾನೆಂದು ಹೇಳುವ ಅಧಿಕಾರ ಯಾರದು? ಕಲಿಸಿದ ಗುರುವಿನದೋ, ಕಣದಲ್ಲಿ ಎದುರು ನಿಂತವನದೋ? ನಮ್ಮ ಬೀದಿಯ ಹುಡುಗನೊಬ್ಬ ಸೊಂಟಕ್ಕೆ ನೀಲಿ ಬೆಲ್ಟು ಕಟ್ಟಿಕೊಂಡು ಬಂದು, ‘ಇದು ಬ್ರೆಜಿಲಿನ ಜಿಯು-ಜಿತ್ಸು ಸಾರ್’ ಎಂದಾಗ ನನ್ನಲ್ಲಿ ಹುಟ್ಟಿದ ಪ್ರಶ್ನೆ ಇದು. ನಾನಿರುವುದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ಕೊಪ್ಪಲೆಂದರೆ ಚಿಕ್ಕ ಹಳ್ಳಿ. ನಗರ ಬೆಳೆದು ಹಳ್ಳಿಯನ್ನು ನುಂಗಿತು, ಹೆಸರನ್ನು ನುಂಗಲಾಗಲಿಲ್ಲ. ಮಣ್ಣನ್ನು ಹದಗೊಳಿಸುವ ಕುಂಬಾರರ ಹೆಸರಿನ ಊರಿನಲ್ಲಿ ಕುಳಿತು ಗರಡಿಯ ಮಣ್ಣನ್ನು ನೆನೆಯದಿರುವುದು ಕಷ್ಟ.

ಮೊದಲು ಆ ಹೊರನಾಡಿನ ವಿದ್ಯೆಯ ವಿಚಾರ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದು ಹಳೆಯ ಜುಜುತ್ಸುವನ್ನು ಜೂಡೊ ಆಗಿ ತಿದ್ದಿದರು. ಶಿಷ್ಯರಿಗೆ ದರ್ಜೆಗಳನ್ನು ಕೊಡುವ ಪದ್ಧತಿಯನ್ನೂ ಅವರೇ ಆರಂಭಿಸಿದರು. ಆ ಶಾಲೆಯ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್ ಸೇರಿದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ ಮತ್ತು ಅವರ ಸೋದರರ ಕೈಯಲ್ಲಿ ವಿದ್ಯೆಯ ಸ್ವರೂಪವೇ ಬದಲಾಯಿತು. ನಿಂತು ಕೆಡವುವುದಕ್ಕಿಂತ ನೆಲದ ಮೇಲಿನ ಸೆಣಸಾಟಕ್ಕೆ ಅಲ್ಲಿ ಹೆಚ್ಚಿನ ಬೆಲೆ.

ಬೆಲ್ಟಿನ ಬಣ್ಣಗಳು ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕಪ್ಪಿಗೆ ತಲುಪಲು ಹತ್ತು ವರ್ಷ ಹಿಡಿಯುವುದು ವಿಶೇಷವಲ್ಲ. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಹತ್ತೊಂಬತ್ತು ತುಂಬುವ ಮುನ್ನ ಕಪ್ಪು ಬೆಲ್ಟು ಇಲ್ಲ. ಅಲ್ಲಿಂದ ಮುಂದೆ ಕೆಂಪು ಬೆಲ್ಟಿಗೆ ಕನಿಷ್ಠ 48 ವರ್ಷ ಕಾಯಬೇಕು. ಅಂದರೆ ಅರುವತ್ತೇಳರ ಒಳಗೆ ಯಾರಿಗೂ ಅದು ದಕ್ಕದು. ಮುಪ್ಪಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಕ್ರೀಡೆಯನ್ನು ನಾನರಿಯೆ. ನನ್ನ ವಯಸ್ಸಿನವನಿಗೆ ಇದು ಹಿತವಾದ ಸುದ್ದಿ.

ನನ್ನ ಗಮನ ಸೆಳೆದುದು ಬಣ್ಣವಲ್ಲ, ಅದನ್ನು ಕಟ್ಟುವ ಕೈ. ಸಾಮಾನ್ಯವಾಗಿ ಲಿಖಿತ ಪರೀಕ್ಷೆಯಿಲ್ಲ. ಪದಕ ಗೆದ್ದ ಮಾತ್ರಕ್ಕೆ ಬೆಲ್ಟು ತಾನಾಗಿ ಬಾರದು. ವರ್ಷಗಟ್ಟಲೆ ನೋಡಿದ ಗುರು ಒಂದು ದಿನ ಶಿಷ್ಯನ ಸೊಂಟಕ್ಕೆ ಕಟ್ಟುತ್ತಾನೆ, ಅಷ್ಟೆ. ಪಂದ್ಯದ ಲೆಕ್ಕ ಬೇರೆ. ವಯಸ್ಸು, ತೂಕ, ಬೆಲ್ಟು ಮೂರನ್ನೂ ನೋಡಿ ಜೊತೆ ಮಾಡುತ್ತಾರೆ. ಎದುರಾಳಿಯನ್ನು ಕೆಡವಿದರೆ ಎರಡು ಅಂಕ, ಅವನ ಕಾಲುಗಳ ತಡೆಯನ್ನು ದಾಟಿದರೆ ಮೂರು, ಮೈಮೇಲೆ ಕುಳಿತರೆ ಅಥವಾ ಬೆನ್ನನ್ನು ಹಿಡಿದರೆ ನಾಲ್ಕು. ಕೀಲಿಗೋ ಕತ್ತಿಗೋ ಪಟ್ಟು ಬಿದ್ದು ಎದುರಾಳಿ ಕೈತಟ್ಟಿ ಒಪ್ಪಿಕೊಂಡರೆ ಅಂಕಗಳ ಮಾತೇ ಇಲ್ಲ, ಆಟ ಅಲ್ಲಿಗೆ ಮುಗಿಯಿತು. ಈ ಏರ್ಪಾಡಿನಲ್ಲಿಯೂ ಕಳ್ಳತನವುಂಟು. ಮೇಲಿನ ದರ್ಜೆಗೆ ಅರ್ಹನಾಗಿಯೂ ಪದಕದಾಸೆಗೆ ಕೆಳಗಿನ ಬೆಲ್ಟಿನಲ್ಲೇ ಉಳಿಯುವವರನ್ನು ಆ ವಲಯದಲ್ಲಿ ಹೀನಾಯವಾಗಿ ಕಾಣುತ್ತಾರೆ.

ನಮ್ಮ ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಸೋಲು. ಅಲ್ಲಿ ಬೆನ್ನ ಮೇಲೆ ಮಲಗಿದವನೂ ಕಾಲುಗಳಿಂದ ಎದುರಾಳಿಯನ್ನು ಕಟ್ಟಿಹಾಕಿ ಗೆಲ್ಲಬಲ್ಲ. ನಮ್ಮ ಪೈಲ್ವಾನನಿಗೆ ಇದನ್ನು ಹೇಳಿದರೆ ನಕ್ಕಾನು.

ಆದರೆ ನಮ್ಮಲ್ಲಿ ದರ್ಜೆಯೇ ಇಲ್ಲವೆಂದು ತಿಳಿಯಬಾರದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದೆ. ಹೊಸಬನಿಗೆ ಅಲ್ಲಿರುವ ಹೆಸರು ಭವಿಷ್ಣು, ಆಗಲಿರುವವನು. ಬಿಳಿ ಬೆಲ್ಟಿಗೆ ಇದಕ್ಕಿಂತ ಚೆಲುವಾದ ಹೆಸರು ಸಿಕ್ಕೀತೆ? ತನ್ನ ದರ್ಜೆಯನ್ನು ತಾನೇ ಸಾರಿಕೊಂಡವರೂ ಇದ್ದರು. ತಿರುಚಿರಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿದ್ದನೆಂದೂ, ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ಹೋಗಿ ಅವನನ್ನು ಮಣಿಸಿದರೆಂದೂ ಐತಿಹ್ಯ. ಅವರ ಆಳ್ವಿಕೆ 1638ರಿಂದ 1659. ದಸರಾ ಕುಸ್ತಿಯ ‘ದಸರಾ ಕಂಠೀರವ’ ಬಿರುದು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಆ ಚಲ್ಲಣ.

ಬಿರುದು ಸಿಗುವುದು ಕೆಲವರಿಗೆ. ಉಳಿದ ನೂರಾರು ಹುಡುಗರನ್ನು ಅಳೆಯುವುದು ‘ಜೋಡಿ ಕಟ್ಟುವ’ ದಿನ. ದಸರೆಗೆ ಮುಂಚೆ ಹಿರಿಯ ಉಸ್ತಾದರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಅನುಭವ ನೋಡಿ, ಇವನಿಗೆ ಇವನು ಸಮ ಎಂದು ನಿರ್ಧರಿಸುತ್ತಾರೆ. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಮುಂದೆ ನಡೆಯುವ ಕುಸ್ತಿಯ ಸೊಗಸೆಲ್ಲ ಈ ತೂಗಿನೋಡುವಿಕೆಯನ್ನು ಅವಲಂಬಿಸಿದೆ. ಜೋಡಿ ತಪ್ಪಿದರೆ ಒಬ್ಬನ ಕೈಕಾಲು ಮುರಿಯಬಹುದು, ಗೆದ್ದವನಿಗೂ ಗೌರವವಿಲ್ಲ. ಬೆಲ್ಟು ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಉಸ್ತಾದರ ಕಣ್ಣು.

ಕಣ್ಣಿನ ತೀರ್ಪು ಸೂಕ್ಷ್ಮವಾದುದು, ಆದರೆ ಕಣ್ಣು ಮುಚ್ಚಿದೊಡನೆ ಅದೂ ಮುಚ್ಚಿಹೋಗುತ್ತದೆ. ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆತ ಕೆಮ್ಮಣ್ಣಿನಲ್ಲಿ ಹತ್ತು ವರ್ಷ ಹೊರಳಿ, ಬಿರುದು ದೊರೆಯದೆ ಉಳಿದ ಹುಡುಗನ ಕಲಿಕೆಗೆ ಅವನ ಉಸ್ತಾದರ ನೆನಪಲ್ಲದೆ ಬೇರೆ ಸಾಕ್ಷಿಯಿಲ್ಲ. ಆ ಹಿರಿಯರು ಹೋದ ಮೇಲೆ ಅವನು ಯಾರ ಮುಂದೆ ನಿಂತು, ನಾನು ಇಷ್ಟು ಬಲ್ಲೆ ಎಂದಾನು? ನೀಲಿ ಬೆಲ್ಟಿನ ಹುಡುಗ ಯಾವ ಊರಿಗೆ ಹೋದರೂ ಅವನ ಸೊಂಟವೇ ಮಾತನಾಡುತ್ತದೆ. ಗರಡಿಗೆ ಬಣ್ಣದ ಬೆಲ್ಟು ತರಬೇಕೆಂದು ನಾನು ಹೇಳಲಾರೆ. ಲಂಗೋಟಿಗೆ ಅದು ಒಪ್ಪುವುದೂ ಇಲ್ಲ. ಗರಡಿಗೊಂದು ಪುಸ್ತಕವಿದ್ದರೆ ಸಾಕು. ಹುಡುಗನ ಹೆಸರು, ಮಣ್ಣಿಗಿಳಿದ ವರ್ಷ, ಕಲಿತ ಪಟ್ಟುಗಳು, ಯಾವ ದಸರೆಯಲ್ಲಿ ಯಾರೊಡನೆ ಜೋಡಿಯಾದ ಎಂಬುದು, ಕೆಳಗೆ ಉಸ್ತಾದರ ರುಜು. ಬರೆಯಲು ಬಾರದ ಉಸ್ತಾದರಿದ್ದರೆ ಬರೆದುಕೊಡಲು ನನ್ನಂಥ ನಿವೃತ್ತ ಮೇಷ್ಟರಿಗೆ ಈ ಊರಿನಲ್ಲಿ ಬರವಿಲ್ಲ.