ಪಂಪಿನೊಳಗೆ ನೀರು ಹೇಗೆ ಹರಿಯುತ್ತದೆ?

ಬೇಸಿಗೆಯಲ್ಲಿ ತುಂಗಭದ್ರೆ ತಗ್ಗಿದಾಗ ಹರಿಹರದ ಆಸುಪಾಸಿನ ದಡದಲ್ಲಿ ಕೂಡಿಸಿದ ಪಂಪುಗಳಿಂದ ಒಮ್ಮೊಮ್ಮೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬರುವುದುಂಟು. ನೀರೂ ಕಡಿಮೆಯಾಗುತ್ತದೆ. ಬಿಚ್ಚಿ ನೋಡಿದರೆ ಕಲ್ಲೇನೂ ಇರುವುದಿಲ್ಲ. ಇಂಪೆಲ್ಲರಿನ ರೆಕ್ಕೆಗಳ ಮೇಲೆ ಗೆದ್ದಲು ತಿಂದಂಥ ಗುಳಿಗಳು ಮಾತ್ರ. ಅಡಿಕೆಗೆ ನೀರು ಬೇಕೇಬೇಕಾದ ದಿನಗಳಲ್ಲೇ ಈ ಪೀಡೆ. ಹೊಸ ಇಂಪೆಲ್ಲರ್ ಹಾಕಿಸಿದರೆ ಅದೂ ಹಾಗೆಯೇ ಸವೆಯುತ್ತದೆ.

ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುವ ಚಕ್ರದೊಳಗಿನ ನೀರನ್ನು ಕಣ್ಣಿಂದ ನೋಡಲಾಗದು. ಆದ್ದರಿಂದ ಪಂಪು ರೂಪಿಸುವ ಇಂಜಿನಿಯರರು ಈಗ ಅದನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಾರೆ. ನೀರು ತುಂಬಿದ ಜಾಗವನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶದಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಬಿಡಿಸುತ್ತಾರೆ. ತೊಡಕೆಂದರೆ, ಹೊರಗಿನ ಕವಚ ನಿಂತಿರುತ್ತದೆ, ಒಳಗಿನ ಚಕ್ರ ತಿರುಗುತ್ತಿರುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಗಿರಗಿರ ಸುತ್ತುವ ಮರದ ಕುದುರೆಯ ಮೇಲೆ ಕೂತವನಿಗೆ ಮುಂದಿನ ಕುದುರೆ ನಿಂತಂತೆಯೇ ಕಾಣುತ್ತದಲ್ಲವೆ? ಇಲ್ಲಿಯೂ ಅದೇ ಉಪಾಯ. ಚಕ್ರದೊಳಗಿನ ನೀರನ್ನು ಚಕ್ರದ ಮೇಲೆ ಕೂತವನ ಕಣ್ಣಿನಿಂದ, ಕವಚದ ನೀರನ್ನು ನೆಲದಲ್ಲಿ ನಿಂತವನ ಕಣ್ಣಿನಿಂದ ಲೆಕ್ಕ ಹಾಕಿ, ಎರಡೂ ಕೂಡುವ ಗಡಿಯಲ್ಲಿ ಹೊಂದಿಸುತ್ತಾರೆ. ಕುದುರೆಯ ಮೇಲೆ ಕೂತಾಗ ಹೊರಕ್ಕೆ ದೂಡಿದಂತಾಗುತ್ತದಲ್ಲ, ಆ ಬಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನೂ ನಿಖರವಾಗಿ ಬೇಕಾದರೆ ಚಕ್ರದ ಕೋಶಗಳನ್ನೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ ಪ್ರತಿ ಸಲವೂ ಬಿಡಿಸಬೇಕು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಹೀಗೆ ಲೆಕ್ಕ ಹಾಕಿದಾಗ, ನೀರು ರೆಕ್ಕೆಯನ್ನು ಮೊದಲು ಮುಟ್ಟುವ ಅಂಚಿನ ಹಿಂಬದಿಯಲ್ಲಿ ಒತ್ತಡ ತೀರ ಕುಸಿಯುವುದು ಕಾಣುತ್ತದೆ. ಒತ್ತಡ ಅಷ್ಟು ಕುಸಿದರೆ ನೀರು ಬೆಂಕಿಯಿಲ್ಲದೆಯೇ ಕುದಿದು ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಮುಂದೆ ಒತ್ತಡ ಹೆಚ್ಚಿದಲ್ಲಿ ಪಟಪಟನೆ ಒಡೆದು ಲೋಹವನ್ನು ಕುಕ್ಕುತ್ತವೆ. ಜಲ್ಲಿಯ ಸದ್ದು ಅದರದೇ.

ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯೇ ಅದನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 34 ಅಡಿ ನೀರಿಗೆ ಸಮ. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ 31-32 ಅಡಿ. ಪೈಪಿನ ಘರ್ಷಣೆ, ಬೆಂಡುಗಳು, ಫುಟ್‌ವಾಲ್ವಿನ ಕಸ ಕಳೆದರೆ 20 ಅಡಿ ದಕ್ಕುವುದೇ ಹೆಚ್ಚು. ಮಳೆಗಾಲದ ಹೊಳೆ ನೋಡಿ ಪಂಪು ಕೂಡಿಸಿದವರು ಏಪ್ರಿಲ್‌ನಲ್ಲಿ ಈ ಮಿತಿ ದಾಟಿರುತ್ತಾರೆ.

ಹಾಗಾಗಿ ಇಂಪೆಲ್ಲರ್ ಬದಲಿಸುವ ಮೊದಲು ಪಂಪಿನಿಂದ ನೀರಿನವರೆಗೆ ಹಗ್ಗ ಬಿಟ್ಟು ಅಳೆಯಿರಿ. ಪಂಪನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿರಿ. ಸಕ್ಷನ್ ಪೈಪು ದಪ್ಪಗಿರಲಿ, ಗಿಡ್ಡಗಿರಲಿ. ಇಳಿಸುವವರೆಗೆ ಡೆಲಿವರಿ ವಾಲ್ವನ್ನು ತುಸು ತಿರುಗಿಸಿ ನೀರು ಕಡಿಮೆ ಮಾಡಿದರೆ ಸದ್ದು ತಗ್ಗುತ್ತದೆ. ಸಕ್ಷನ್ ಕಡೆಯ ವಾಲ್ವನ್ನು ಮಾತ್ರ ಮುಟ್ಟಬೇಡಿ.